ತಮ್ದಾದ ಬಾಗಿಲು

ಮಿಮೂನ್ ನನ್ನ ಶಾಲೆಯಲ್ಲಿ ಮೂರು ವರ್ಷ ಓದಿದ. ಗುಣಾಕಾರ ಅವನ ತಲೆಗೆ ಹತ್ತಲೇ ಇಲ್ಲ. ಆದರೆ ಒಂದು ದಿನವೂ ತಡವಾಗಿ ಬಂದವನಲ್ಲ. ಹಿಮ ಬಿದ್ದ ದಿನ ನಾನೇ ತಡಮಾಡಿದರೆ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಹೊತ್ತಾಯ್ತು" ಎನ್ನುತ್ತಿದ್ದ. ಅಂಥವನನ್ನು ಊರಿನ ಹಿರಿಯರು ತಮ್ದಾದ ಕಾವಲಿಗೆ ಆರಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಹತ್ತೊಂಬತ್ತು ವರ್ಷ ಅವನೇ ಕಾದ.

ತಮ್ದಾ ನಮ್ಮೂರಿನ ಮೇಲಿನ ಹುಲ್ಲುಗಾವಲು. ಅಟ್ಲಾಸಿನ ಮೂರು ಬೆಟ್ಟಗಳ ನಡುವಿನ ತಗ್ಗು. ಕಡುಬೇಸಿಗೆಯಲ್ಲೂ ಕಾಲಡಿಯಲ್ಲಿ ನೀರು ಜಿನುಗುವ ನೆಲ. ಹಿಮ ಕರಗಿದೊಡನೆ ಅದನ್ನು ಮುಚ್ಚುತ್ತಿದ್ದೆವು, ಜುಲೈ ಹತ್ತರ ಸೂರ್ಯೋದಯಕ್ಕೆ ತೆರೆಯುತ್ತಿದ್ದೆವು. ನಡುವೆ ಕುರಿಯಾಗಲಿ ಮನುಷ್ಯನಾಗಲಿ ಒಳಗೆ ಕಾಲಿಡುವಂತಿರಲಿಲ್ಲ. ಹುಲ್ಲು ಹೂಬಿಟ್ಟು ಬೀಜ ಉದುರಿಸಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಅದು.

ಮಿಮೂನ್ ಕಾವಲಿಗೆ ನಿಂತ ಐದನೆಯ ವರ್ಷ ಅವನ ತಂಗಿ ತೂದಾಳ ಕುರಿ ಕಲ್ಲುಗೋಡೆ ಹಾರಿ ಒಳಹೊಕ್ಕಿತು. ತೆರೆಯುವುದಕ್ಕೆ ಇನ್ನು ಮೂರೇ ದಿನವಿತ್ತು. ತೂದಾ ಗಂಡನನ್ನು ಕಳೆದುಕೊಂಡವಳು. ನುಗ್ಗಿದ ಕುರಿ ಹಿರಿಯರ ಊಟಕ್ಕೆ ಎಂಬುದು ಕಟ್ಟಳೆ.

"ಅಣ್ಣ, ಹಾಲು ಕೊಡೋದು ಅದೊಂದೇ. ಮಗೂಗೆ ಬೇಕು."

"ತಮ್ದಾಗೆ ತಂಗಿ ಇಲ್ಲ ಕಣೇ," ಎಂದು ಮಿಮೂನ್ ಅವಳೆದುರಿಗೇ ಕುರಿಯನ್ನು ಕೊಯ್ದ. ಆ ಊಟಕ್ಕೆ ನಾನೂ ಕೂತಿದ್ದೆ. ಮಾಂಸ ಮೆತ್ತಗಿತ್ತು, ಎಲ್ಲರೂ ಹೊಗಳಿ ತಿಂದೆವು.

ತಮ್ದಾದಲ್ಲಿ ಪುಟ್ಟ ಹಳದಿ ಹೂವೊಂದು ಅರಳುತ್ತಿತ್ತು. ಹುಲ್ಲಿನೊಳಗೆ ಹುದುಗಿರುತ್ತಿದ್ದ ಅದನ್ನು ನಾವು ಮದುಮಗಳ ಮಣಿ ಎನ್ನುತ್ತಿದ್ದೆವು. ಹುಡುಗಿಯರು ಒಂದೆಳೆ ಕಿತ್ತರೂ ಮಿಮೂನ್ ಅವರ ತಂದೆಯರಿಗೆ ದಂಡ ಹಾಕಿಸುತ್ತಿದ್ದ. ಹಾಗಾಗಿ ಅದು ಯಾರ ಮನೆಯೊಳಗೂ ಬಂದದ್ದಿಲ್ಲ.

ಕೆಳಗಿನ ಪಟ್ಟಣಕ್ಕೆ ನೀರು ಬೇಕೆಂದು ತಮ್ದಾಗೆ ಅಣೆಕಟ್ಟು ಕಟ್ಟುವ ಮಾತು ಬಂತು. ಬೇಡವೆಂದು ಊರವರು ಕೊಟ್ಟ ಅರ್ಜಿಯನ್ನು ಬರೆದವನು ನಾನು. ಸರ್ಕಾರದಿಂದ ಬಂದ ಉತ್ತರದ ಕಾಗದವನ್ನು ಓದಿ ಹೇಳಿದವನೂ ನಾನೇ: ಬೇರೆಲ್ಲೂ ಇಲ್ಲದ ಗಿಡ ಅಲ್ಲಿ ಕಂಡರೆ ಮಾತ್ರ ಜಾಗ ಬದಲಾಗುತ್ತದೆ, ನೋಡಲು ಒಬ್ಬರು ಬರುತ್ತಾರೆ.

ಜೂನ್ ಕೊನೆಯಲ್ಲಿ ರಾಜಧಾನಿ ರಬಾತ್‌ನಿಂದ ಗಿಡಗಳ ತಜ್ಞೆ ಡಾಕ್ಟರ್ ಬಹಿಜಾ ಬಂದರು. ಮಿಮೂನ್ ಬಾಗಿಲಿಗೆ ಅಡ್ಡಮರ ಹಾಕಿಕೊಂಡು ನಿಂತಿದ್ದ.

"ಹತ್ತನೇ ತಾರೀಕು ಬನ್ನಿ ಲಲ್ಲಾ. ಮೊದಲು ನಿಮಗೇ ತೆಗೀತೀನಿ." ಲಲ್ಲಾ ಎಂದರೆ ನಮ್ಮಲ್ಲಿ ಅಮ್ಮಾವ್ರೇ ಎಂದ ಹಾಗೆ.

"ಹನ್ನೆರಡನೇ ತಾರೀಕಿನವರೆಗೆ ನನಗೆ ಇನ್ನೊಂದು ಕಣಿವೇಲಿ ಕೆಲಸ ಇದೆ. ಈಗ ಒಂದು ಗಂಟೆ ಸಾಕು, ಅಣ್ಣ. ಮೆತ್ತಗೆ ಹೆಜ್ಜೆ ಇಡ್ತೀನಿ."

"ನನ್ನ ತಂಗಿ ಕುರೀನೂ ಮೆತ್ತಗೇ ಹೋಗಿತ್ತು. ಹನ್ನೆರಡಕ್ಕೇ ಬನ್ನಿ. ಗಿಡಕ್ಕೆ ಕಾಲಿಲ್ಲ, ಎಲ್ಲಿಗೂ ಓಡಿಹೋಗಲ್ಲ."

"ಕುರಿಗೆ ಬಾಯಿದೆಯಲ್ಲ? ಎರಡು ದಿನ ತಡವಾಗಿ ಬಿಡಿ ಹಾಗಾದ್ರೆ."

"ಹತ್ತು ಅಂದ್ರೆ ಹತ್ತು. ದಿನ ಅಂದ್ರೆ ದಿನ, ಲಲ್ಲಾ."

ಆಕೆ ನಕ್ಕು, ಊರಿನ ಕಟ್ಟಳೆ ಮುರಿಯುವವಳು ನಾನಲ್ಲ ಎಂದು ಹೊರಟುಹೋದರು. ಅಂದು ಸಂಜೆ ಚಹಾಕ್ಕೆ ಕೂತಾಗ ಹಿರಿಯರಲ್ಲೊಬ್ಬರಾದ ಹಾಜಿ ಬರ್ಕಾ, "ನಮ್ಮ ಮಿಮೂನ ಸರ್ಕಾರಾನೇ ಗೋಡೆಯಾಚೆ ನಿಲ್ಲಿಸಿಬಿಟ್ಟ ಕಣ್ರಯ್ಯಾ" ಎಂದರು. ನಾನು ಅವನ ಬೆನ್ನು ತಟ್ಟಿದೆ. ಸರ್ಕಾರದ ಆ ಉತ್ತರದ ಕಾಗದ ನನ್ನ ಜೇಬಿನಲ್ಲೇ ಇತ್ತು.

ಜುಲೈ ಹತ್ತರಂದು ನಾಲ್ಕು ಸಾವಿರ ಕುರಿ ಒಳನುಗ್ಗಿದವು. ಹನ್ನೆರಡಕ್ಕೆ ಬಹಿಜಾ ಬಂದಾಗ ತಮ್ದಾ ಬೋಳಿಸಿದ ತಲೆಯಂತಿತ್ತು. ಆಕೆ ಎರಡು ದಿನ ಮಂಡಿಯೂರಿ ಹಿಕ್ಕೆಯ ನಡುವೆ ಹುಡುಕಿದರು. ಕೊನೆಗೆ ಒಂದು ಚಿತ್ರ ತೋರಿಸಿ, "ಇದನ್ನ ನೋಡಿದ್ದೀರಾ?" ಎಂದು ಮಿಮೂನನನ್ನು ಕೇಳಿದರು.

"ಮದುಮಗಳ ಮಣಿ. ಇಲ್ಲಿ ಕಾಲಿಡೋಕೆ ಜಾಗ ಇಲ್ಲದ ಹಾಗೆ ಇದ್ದವು."

"ಇದ್ದವು ಅಂತ ಬರೆಯೋಕಾಗಲ್ಲ ಅಣ್ಣ. ಕಂಡಿದ್ದನ್ನ ಮಾತ್ರ ಬರೀಬೇಕು. ಯಾರ ಮನೇಲಾದ್ರೂ ಒಣಗಿಸಿಟ್ಟ ಒಂದು ಎಳೆ ಇದೆಯಾ?"

ಮಿಮೂನ್ ಎಲ್ಲ ಮನೆಗಳ ಬಾಗಿಲು ತಟ್ಟಿದ. ಹೆಂಗಸರು ಅವನ ಮುಖವನ್ನೇ ನೋಡಿದರು. ದಂಡ ಕೊಟ್ಟಿದ್ದವನೊಬ್ಬ, "ನಿನ್ನ ಹತ್ರಾನೇ ಇರಬೇಕಲ್ಲೋ, ನನ್ನ ಮಗಳ ಕೈಯಿಂದ ಕಿತ್ಕೊಂಡಿದ್ದು" ಎಂದ. ತೂದಾ ಬಾಗಿಲು ತೆರೆಯಲಿಲ್ಲ.

ಬರಿಗೈಯಲ್ಲಿ ಬಂದು ಬಹಿಜಾರ ಜೀಪಿನ ಮುಂದೆ ನಿಂತ. "ಮುಂದಿನ ಜೂನ್‌ಗೆ ಬನ್ನಿ ಲಲ್ಲಾ. ಗೋಡೇನೇ ಕೆಡವಿ ಇಟ್ಟಿರ್ತೀನಿ."

"ವರದಿ ಈ ತಿಂಗಳ ಕೊನೇಗೆ ಹೋಗಬೇಕು. ಒಂದು ವರ್ಷ ಕೊಡಿ ಅಂತ ಕೇಳಿದೆ, ಕೊಡಲಿಲ್ಲ." ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. "ನೀವೇ ಹೇಳಿದ್ರಲ್ಲ, ದಿನ ಅಂದ್ರೆ ದಿನ."

ವರದಿಯಲ್ಲಿ ಒಂದೇ ಸಾಲು ಇತ್ತಂತೆ: ಅಪರೂಪದ ಗಿಡ ಯಾವುದೂ ಕಂಡುಬಂದಿಲ್ಲ.

ಅಣೆಕಟ್ಟು ಎದ್ದಿತು, ಮೂರು ವರ್ಷಕ್ಕೆ ತಮ್ದಾದಲ್ಲಿ ನೀರು ತುಂಬಿತು. ಊರವರು ಕುರಿಗಳನ್ನು ಸಂತೆಗೆ ಹೊಡೆದರು. ಮಿಮೂನನಿಗೆ ಯಾರೂ ಸಲಾಂ ಹೇಳುತ್ತಿರಲಿಲ್ಲ. ಹಾಜಿ ಬರ್ಕಾ ಅವನನ್ನು ಕಂಡರೆ ಕೋಲಿನಿಂದ ನೆಲ ಕುಟ್ಟಿ ಬೇರೆ ಓಣಿ ಹಿಡಿಯುತ್ತಿದ್ದರು. ನಾನು ಸಲಾಂ ಹೇಳುತ್ತಿದ್ದೆ, ಯಾರೂ ಇಲ್ಲದಾಗ.

ನೀರು ನಿಂತ ವರ್ಷದ ಜುಲೈ ಹತ್ತರಂದು ಅವನು ಎಂದಿನಂತೆ ಕತ್ತಲಿರುವಾಗಲೇ ಎದ್ದು ಬೆಟ್ಟ ಹತ್ತಿದ. ನಾನೂ ಹಿಂದೆ ಹೋದೆ. ಗೋಡೆಯ ಬಾಗಿಲು ಎತ್ತರದಲ್ಲಿದ್ದುದರಿಂದ ಮುಳುಗಿರಲಿಲ್ಲ. ಅಡ್ಡಮರವೂ ಹಾಗೇ ಇತ್ತು. ತೂದಾ ತನಗುಳಿದ ಎರಡು ಕುರಿಗಳೊಂದಿಗೆ ಆಗಲೇ ಅಲ್ಲಿ ನಿಂತಿದ್ದಳು.

"ಸೂರ್ಯ ಬಂದ ಅಣ್ಣ," ಎಂದಳು. "ಬಾಗಿಲು ತೆಗಿ. ನನ್ನ ಕುರಿಗೆ ಹಸಿವು."

ಅವನು ಬೆಟ್ಟದಂಚನ್ನು ನೋಡಿದ. ಬಿಸಿಲು ಇನ್ನೂ ನೀರಿಗೆ ಇಳಿದಿರಲಿಲ್ಲ. ಇಳಿಯುವವರೆಗೂ ಕಾದು, ಅಡ್ಡಮರ ಎತ್ತಿ, ದಾರಿಬಿಟ್ಟು ಸರಿದು ನಿಂತ. ಕುರಿಗಳು ನೀರಿನಂಚಿನ ಕೆಸರನ್ನು ಮೂಸಿ ಅವಳ ಬಳಿಗೇ ತಿರುಗಿ ಬಂದವು.

"ಮುಚ್ಚು," ಎಂದಳು ತೂದಾ.