ಮುದ್ರೆ ಒಡೆದಿರಲಿಲ್ಲ

ಸಹನಾ, ಚೇತನ — ಆ ಮುಂಜಾನೆ ಲ್ಯಾಪ್‌ಟಾಪಿನ ಮೇಲೆ ನಾನು ಇಟ್ಟಿದ್ದ ವಿಭೂತಿಯ ಮುದ್ರೆ ಒಡೆದಿರಲಿಲ್ಲ. ಒಡೆದಿದೆ ಎಂದು ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನಿಮ್ಮ ಸೋದರಮಾವನ ಮಗಳು ರೇಣುಕಾ ನಮ್ಮ ಮನೆಯನ್ನೂ ಕಾಲೇಜನ್ನೂ ಬಿಟ್ಟು ತನ್ನೂರು ಬಬಲೇಶ್ವರಕ್ಕೆ ಹೋಗಬೇಕಾಯಿತು. ಎರಡು ವರ್ಷದಿಂದ ನೀವೆಲ್ಲ ಅವಳು ಅದನ್ನು ಕದ್ದು ತೆರೆದಳೆಂದೇ ನಂಬಿದ್ದೀರಿ. ಅವಳು ತೆರೆದಿರಲಿಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ — ನಿಮ್ಮ ಅಪ್ಪನ ಅವ್ವ, ನಿಮ್ಮ ಆಯಿ.

ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚುವ ಹೆಂಗಸು ನಾನು. ತಿಕೋಟಾದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದು ಇವತ್ತು ಉಪಯೋಗಕ್ಕೆ ಬರುತ್ತಿದೆ — ಬಾಯಿಗೆ ಬಾರದ್ದನ್ನು ಕೈ ಬರೆಯುತ್ತಿದೆ. ಆದರೆ ಆ ದಿನ ಸುಳ್ಳು ಹೇಳುವಾಗ ಈ ನಾಚಿಕೆ ಎಲ್ಲಿ ಹೋಗಿತ್ತೋ.

ಸಹನಾ, ನಿನಗೆ ಆ ಭಾನುವಾರ ನೆನಪಿರಬೇಕು. ನಿನ್ನ ಲ್ಯಾಪ್‌ಟಾಪು ಬೆಳಿಗ್ಗೆಯಿಂದ ಗಿರಗಿರ ತಿರುಗುವ ಚಕ್ರ ತೋರಿಸುತ್ತ ಕುಳಿತಿತ್ತು. ಏನಾಗಿದೆ ಇದಕ್ಕೆ ಎಂದು ಕೇಳಿದೆ.

"ಅಪ್‌ಗ್ರೇಡ್ ಆಗಾಕತ್ತೈತಿ ಆಯಿ. ಒಳಗಿಂದೆಲ್ಲಾ ಹೊಸಾದು ಬರ್ತೈತಿ."

"ಹೊಸಾ ಸೊಸಿ ಬಂದಂಗ ಅನ್ನು" ಎಂದೆ.

ಅಡುಗೆಮನೆಯಿಂದ ನಿನ್ನ ಅವ್ವ ಶೋಭಾ, "ಹಂಗಾರ ಇನ್ನ ಮನ್ಯಾಗ ಗದ್ಲ ಚಾಲೂ ಆತು ಬಿಡ್ರಿ" ಎಂದಳು. ಎಲ್ಲರೂ ನಕ್ಕೆವು. ರೇಣುಕಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಬಿ.ಎಸ್ಸಿ. ಕೊನೆಯ ವರ್ಷಕ್ಕೆಂದು ಬಂದು ನಮ್ಮ ಇಬ್ರಾಹಿಂಪುರದ ಮನೆಯಲ್ಲಿದ್ದಳು. ನಿನ್ನ ಸೋದರಮಾವ ಮಲ್ಲಪ್ಪ ಹಾಸ್ಟೆಲಿಗೆ ಒಪ್ಪಿರಲಿಲ್ಲ. "ತಂಗಿ ಮನಿ ಅಂತ ಬಿಡಾಕತ್ತೇನಿ, ಬ್ಯಾರೆ ಕಡೆ ಆಗಿದ್ರ ಬಿಡ್ತಿರಲಿಲ್ಲ" ಎಂದು ಹೇಳಿಯೇ ಬಿಟ್ಟುಹೋಗಿದ್ದ. ಅವಳ ಓದು ಆ ಒಂದು ನಂಬಿಕೆಯ ಮೇಲೆ ನಿಂತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಅಪ್‌ಗ್ರೇಡ್ ಆದ ಮೇಲೆ ತೊಂದರೆ ಶುರುವಾಯಿತು. ರಾತ್ರಿ ಮಲಗುವ ಮುಂಚೆ ಪೂರ್ತಿ ಚಾರ್ಜ್ ಮಾಡಿ, ವೈರು ತೆಗೆದು, ಮುಚ್ಚಿ ಪಡಸಾಲೆಯ ಟೇಬಲ್ಲಿನ ಮೇಲೆ ಇಟ್ಟರೆ ಬೆಳಿಗ್ಗೆ ಜೀವವೇ ಇರುತ್ತಿರಲಿಲ್ಲ. ಚಾರ್ಜರ್ ಕೆಟ್ಟಿರಬೇಕು ಎಂದು ನಿನ್ನ ಅಪ್ಪ ಬಸವರಾಜ ಬೇರೆಯದನ್ನು ತಂದ. ಅದರಿಂದಲೂ ಹಾಗೇ. ನೀವು ಯಾರೂ ಆ ಭಾನುವಾರವನ್ನು ನೆನೆಯಲಿಲ್ಲ. ನಾನಂತೂ — ನನಗೆ ಯಂತ್ರ ಗೊತ್ತಿಲ್ಲ, ಮನುಷ್ಯರು ಗೊತ್ತು ಎಂಬ ಗರ್ವ.

ಒಂದು ಬೆಳಿಗ್ಗೆ ಟೇಬಲ್ ಒರೆಸುವಾಗ ಅದನ್ನು ಮುಟ್ಟಿದೆ. ಬೆಚ್ಚಗಿತ್ತು. ಹಳ್ಳಿಯಲ್ಲಿ ಬೆಳೆದವರಿಗೆ ಒಲೆಯ ಬೂದಿ ಮುಟ್ಟಿ ನೋಡುವುದು ರೂಢಿ: ಬೆಚ್ಚಗಿದ್ದರೆ ಯಾರೋ ಈಗಷ್ಟೇ ಎದ್ದುಹೋಗಿದ್ದಾರೆ. ನಾನು ಸುತ್ತ ನೋಡಿದೆ. ಪಡಸಾಲೆಯಲ್ಲಿ ಮಲಗುವವಳು ರೇಣುಕಾ ಒಬ್ಬಳೇ. ಅವಳ ಹಾಸಿಗೆ ಸುತ್ತಿಟ್ಟಿತ್ತು. ಅವಳು ಅಂಗಳದಲ್ಲಿ ಕಸ ಹೊಡೆಯುತ್ತ ಏನನ್ನೋ ಗುಣುಗುಡುತ್ತಿದ್ದಳು. ಇಷ್ಟು ಖುಷಿ ಯಾಕೆ ಇವಳಿಗೆ?

ಅಲ್ಲಿಂದ ನನ್ನ ಕಣ್ಣು ಕೆಟ್ಟಿತು. ಅವಳು ಫೋನು ನೋಡಿ ನಕ್ಕರೆ ಸಂಶಯ. ನಗದಿದ್ದರೆ, ನನ್ನನ್ನು ನೋಡಿ ಸುಮ್ಮನಾದಳು ಎಂದು ಸಂಶಯ. ಆಕಳಿಸಿದರೆ ನಿದ್ದೆಗೆಟ್ಟಿದ್ದಾಳೆ. ಕಾಲೇಜಿನಿಂದ ತಡವಾದರೆ — ಸರಿ, ಅದಂತೂ ಬೇಕೇ ಇತ್ತು ನನಗೆ. ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಾಯಿ ಬಿಡದವರ ಸಂಶಯ ಒಳಗೇ ಕುದಿಯುತ್ತದೆ, ಆವಿ ಹೋಗಲು ದಾರಿ ಇರುವುದಿಲ್ಲ.

ಆಮೇಲೆ ನಿನ್ನ ಆನ್‌ಲೈನ್ ಪರೀಕ್ಷೆ ಬಂತು. ಬೆಳಿಗ್ಗೆ ಅವಸರದಲ್ಲಿ ನೀನು ಒಂದಿಷ್ಟು ಚಾರ್ಜ್ ಮಾಡಿ ಒಯ್ದಿದ್ದೆ; ಕ್ಲಾಸಿನಲ್ಲಿ ಕುಳಿತು ಬರೆಯುವಾಗ ಅರ್ಧಕ್ಕೇ ಲ್ಯಾಪ್‌ಟಾಪು ಆರಿಹೋಯಿತು. ನೀನು ಅಳುತ್ತ ಮನೆಗೆ ಬಂದೆ. ಬಸವರಾಜ ಗಾಂಧಿ ಚೌಕದ ತನ್ನ ಪೈಪು ಅಂಗಡಿಯಿಂದ ಊಟಕ್ಕೆ ಬಂದವನು ಸಿಟ್ಟಿನಲ್ಲಿ ತಟ್ಟೆ ಸರಿಸಿದ. ಆಗ ನಾನು ಹೇಳಿದೆ: "ಈ ಮನ್ಯಾಗ ರಾತ್ರಿ ಯಾರೋ ಎಚ್ಚರ ಇರ್ತಾರ. ಬೆಳಗ್ಗೆ ಮುಟ್ಟಿದ್ರ ಬೆಚ್ಚಗ ಇರ್ತೈತಿ."

"ಯಾರವ್ವಾ?"

ನಾನು ಹೆಸರು ಹೇಳಲಿಲ್ಲ. ಗೋಡೆಗೆ ಒರಗಿಸಿದ್ದ ಹಾಸಿಗೆಯ ಕಡೆ ನೋಡಿದೆ. ಅಷ್ಟೇ ಸಾಕಾಯಿತು.

ತಟ್ಟೆ ಎತ್ತುತ್ತಿದ್ದ ಶೋಭಾ ಅದನ್ನು ಕೆಳಗಿಟ್ಟಳು. "ಅತ್ತೀ, ಅಕಿ ಹಂತಾಕಿ ಅಲ್ರಿ" ಎಂದಳು. ರೇಣುಕಾಳನ್ನು ಕರೆದು ಕೇಳಿದರು. "ನಾ ಯಾಕ ಮುಟ್ಲ್ರಿ ಮಾಮಾ? ಬೇಕಾದ್ರ ಸಹನಾನ ಕೇಳಿ ತಗೋತೀನಲ್ಲ" ಎಂದಳು. ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. ಆ ಅಂಜಿಕೆ ಇಲ್ಲದ್ದನ್ನೂ ನಾನು ಗುಮಾನಿಯಿಂದಲೇ ಕೇಳಿದೆ — ಎಷ್ಟು ಪಳಗಿದ್ದಾಳೆ ಎಂದು.

ಹಾಗಾದರೆ ಮುದ್ರೆ ಇಡೋಣ ಎಂದವಳು ನಾನೇ.

ನೀವು ನೋಡಿಲ್ಲ, ಅದಕ್ಕೇ ಹೇಳುತ್ತೇನೆ. ತಿಕೋಟಾದ ಹೊಲದಲ್ಲಿ ಜೋಳದ ರಾಶಿ ಕಣದಲ್ಲಿ ರಾತ್ರಿ ಉಳಿದರೆ ನಿಮ್ಮ ಮುತ್ಯಾ, ನನ್ನ ಯಜಮಾನರು, ಅದರ ಸುತ್ತ ಹಸಿ ಬೂದಿಯ ಮುದ್ರೆ ಒತ್ತುತ್ತಿದ್ದರು. ಯಾರಾದರೂ ಒಂದು ಬೊಗಸೆ ತೆಗೆದರೂ ಕಾಳು ಜಾರಿ ಮುದ್ರೆ ಒಡೆಯುತ್ತದೆ. ಬೆಳಿಗ್ಗೆ ಮುದ್ರೆ ಇಟ್ಟವರೇ ಮೊದಲು ಹೋಗಿ ನೋಡಬೇಕು. ಅವರು ನೋಡಿ ಹೇಳುವವರೆಗೆ ಬೇರೆ ಯಾರೂ ರಾಶಿಯ ಹತ್ತಿರ ಹೋಗುವಂತಿಲ್ಲ. ಅವರು ಹೇಳಿದ್ದೇ ಮಾತು. ಎರಡನೆಯವರು ಹೋಗಿ ಪರೀಕ್ಷಿಸಿದರೆ ಹಿರಿಯರ ನಾಲಿಗೆಯನ್ನು ಅಳೆದ ಹಾಗೆ. ನಿಮ್ಮ ಮುತ್ಯಾ ಹೋದ ಮೇಲೆ ಕೆಲವು ವರ್ಷ ಆ ಕೆಲಸ ನಾನೇ ಮಾಡಿದ್ದೆ. ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಆ ಸಂಜೆ ಊಟವಾದ ಮೇಲೆ ಎಲ್ಲರ ಎದುರಿಗೆ ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪು ಮುಚ್ಚಿ, ಮೇಲಿನ ಮುಚ್ಚಳಕ್ಕೂ ಕೆಳಗಿನ ಭಾಗಕ್ಕೂ ಸೇರಿಸಿ ಮೂರು ಬೆರಳಿನಿಂದ ಹಸಿ ವಿಭೂತಿ ಎಳೆದೆ. ಚೇತನ, ನೀನು ನಕ್ಕಿದ್ದೆ: "ಆಯಿ ಲ್ಯಾಪ್‌ಟಾಪಿಗೆ ದೀಕ್ಷಾ ಕೊಟ್ಟಳು." ರೇಣುಕಾಳೂ ನಕ್ಕಳು. ಅವಳಿಗೆ ಸಮಾಧಾನವಾಗಿತ್ತು — ಇನ್ನು ನಿಜ ಗೊತ್ತಾಗುತ್ತದಲ್ಲ ಎಂದು.

ಬೆಳಿಗ್ಗೆ ಸ್ನಾನ ಮಾಡಿ ನಾನೊಬ್ಬಳೇ ಹೋಗಿ ನೋಡಿದೆ. ಮೂರೂ ಎಳೆ ಒಣಗಿ ಬಿಳಿಯಾಗಿ, ಒಂದು ಕೂದಲಿನಷ್ಟೂ ಬಿರುಕಿಲ್ಲದೆ ಇದ್ದವು. ಕೈಯಿಟ್ಟೆ. ಬೆಚ್ಚಗಿತ್ತು. ಯಾರೂ ಮುಟ್ಟಿರಲಿಲ್ಲ, ಆದರೂ ಬೆಚ್ಚಗಿತ್ತು. ನಾನೇ ತೆರೆದು ಗುಂಡಿ ಒತ್ತಿದೆ. ಬ್ಯಾಟರಿ ಖಾಲಿ ಎಂಬ ಕೆಂಪು ಗುರುತು ಮೂಡಿ ಆರಿಹೋಯಿತು. ನಾನು ತೆರೆದಿದ್ದಕ್ಕೆ ಆಗಷ್ಟೇ ವಿಭೂತಿ ಪುಡಿಯಾಗಿ ಟೇಬಲ್ಲಿನ ಮೇಲೆ ಉದುರಿತು.

ಅಷ್ಟರಲ್ಲಿ ಹಿಂದಿನಿಂದ ಬಂದ ಬಸವರಾಜ ಕೇಳಿದ, "ಏನವ್ವಾ, ಏನಾಗೈತಿ?"

ಆ ಕ್ಷಣದಲ್ಲಿ ನನಗೆ ಕಂಡಿದ್ದು ರೇಣುಕಾ ಅಲ್ಲ. ಮಗನ ಮುಂದೆ, ಸೊಸೆಯ ಮುಂದೆ ನನ್ನ ಮಾತು ಬೀಳುತ್ತದಲ್ಲ ಎಂಬುದು. ಹಿರಿಯಳು ಸುಮ್ಮನೆ ಹುಡುಗಿಯ ಮೇಲೆ ಹೊರಿಸಿದಳು ಎನ್ನುತ್ತಾರಲ್ಲ ಎಂಬುದು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ, ಇಲ್ಲ.

"ಒಡದೈತಿ" ಎಂದೆ.

ಬಾಗಿಲಲ್ಲಿ ನಿಂತಿದ್ದ ರೇಣುಕಾ, "ಆಯಿ, ಖರೇನ?" ಎಂದಳು. ನಾನು ಸೆರಗಿನಿಂದ ಟೇಬಲ್ ಒರೆಸಿದೆ.

ಸುದ್ದಿ ಕೇಳಿ ಮರುದಿನ ಮಲ್ಲಪ್ಪ ಬಂದ. ಚಹಾ ಮುಟ್ಟಲಿಲ್ಲ. ಯಾರ ಜೊತೆ ಮಾತಾಡಲು ಕದ್ದು ತೆರೆಯುತ್ತಿದ್ದಳು ಎಂದು ಮಗಳನ್ನು ಕೇಳಿದ. ಅವಳು ಅಳುತ್ತ ಯಾರೂ ಇಲ್ಲ ಎಂದಳು. ಆಗ ನನ್ನ ಕಡೆ ತಿರುಗಿದ. "ಯವ್ವಾ, ನೀವ ಒಂದ ಮಾತು ಹೇಳ್ರಿ. ಮುದ್ರಿ ಒಡದಿತ್ತೇನ್ರಿ?"

ಅದು ನಿಜ ಹೇಳಲು ನನಗೆ ದೇವರು ಕೊಟ್ಟ ಎರಡನೆಯ ಅವಕಾಶ. "ಒಡದಿತ್ತಪ್ಪಾ" ಎಂದೆ.

"ಮುಗೀತು. ಕಟ್ಟ ನಿನ್ನ ಅರಿವಿ ಗಂಟು" ಎಂದು ಮಗಳಿಗೆ ಹೇಳಿದ. ಶೋಭಾ ಅಣ್ಣನ ಕಾಲು ಹಿಡಿದಳು. ಅವನು ಕೇಳಲಿಲ್ಲ.

ರೇಣುಕಾ ಹೋದ ಮೇಲೂ ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ನಾನು ಪ್ರತಿ ಬೆಳಿಗ್ಗೆ ಯಾರಿಗೂ ಕಾಣದಂತೆ ಹೋಗಿ ಮುಟ್ಟುತ್ತಿದ್ದೆ, ಇವತ್ತಾದರೂ ತಣ್ಣಗಿರಲಿ ಎಂದು. ಇರುತ್ತಿರಲಿಲ್ಲ. ಕೊನೆಗೆ, ಸಹನಾ, ನಿನ್ನ ಗೆಳತಿಯರ ಲ್ಯಾಪ್‌ಟಾಪಿಗೂ ಆ ಅಪ್‌ಗ್ರೇಡ್ ಆದಾಗಿನಿಂದ ಹೀಗೇ ಆಗಿದೆ ಎಂದು ನೀನೇ ತಿಳಿದುಕೊಂಡು ಬಂದೆ. "ಮುಚ್ಚಿದ್ರೂ ಇದು ಮಲಗಂಗಿಲ್ಲಂತ ಆಯಿ, ಒಳಗೊಳಗ ಎಚ್ಚರ ಇರ್ತೈತಂತ" ಎಂದೆ. ನೀನು ಸೆಟ್ಟಿಂಗ್‌ನಲ್ಲಿ ಏನನ್ನೋ ಬದಲಿಸಿದೆ. ಮರುದಿನ ಅದು ತಣ್ಣಗಿತ್ತು.

ಬಸವರಾಜ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ನೋಡಿದ. "ಅಂದ್ರ ರೇಣುಕಾ ಅಲ್ಲ. ಹಂಗಾರ ಮುದ್ರಿ ಹೆಂಗ ಒಡೀತವ್ವಾ?"

ನೀವೆಲ್ಲ ನನ್ನ ಕಡೆ ನೋಡಿದಿರಿ. ನಾನು ಜೋಳದಲ್ಲಿ ಕಲ್ಲು ಹುಡುಕುತ್ತ, "ಅದೊಂದು ದಿನ ಏನೋ ನೋಡಾಕ ತಗದಿರಬೇಕು" ಎಂದೆ. ಯಂತ್ರವೇ ಅವಳ ಪರವಾಗಿ ಸಾಕ್ಷಿ ಹೇಳಿತ್ತು. ನಾನು ಅದನ್ನೂ ಕೆಡಿಸಿದೆ. ಆಮೇಲೆ ಮಲ್ಲಪ್ಪನಿಗೆ ವಿಷಯ ತಿಳಿಸಿದಾಗ ಅವನೂ ಅದನ್ನೇ ಹಿಡಿದ: ಬ್ಯಾಟರಿ ಹಾಳಾಗಿ ಹೋಗಲಿ, ಹಿರಿಯರ ಮುದ್ರೆ ಒಡೆದವಳನ್ನು ಮತ್ತೆ ಓದಲು ಹೊರಗೆ ಕಳಿಸುವುದಿಲ್ಲ.

ಕಳೆದ ತಿಂಗಳು ನಮ್ಮ ಹೊಲ ನೋಡಲು ತಿಕೋಟಾಕ್ಕೆ ಹೋಗಿದ್ದೆನಲ್ಲ. ಅಲ್ಲಿ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ, ಬಬಲೇಶ್ವರದಿಂದ ಕೂಲಿಗೆ ಬಂದುಹೋಗುವ ಹೆಂಗಸರ ನಡುವೆ ರೇಣುಕಾ ಕುಳಿತು ಕರಿ, ಹಸಿರು ಎಂದು ಬೇರೆ ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದು ಕಾಲಿಗೆ ಬಿದ್ದಳು. ಈ ವರ್ಷ ಉಳಿದ ಪರೀಕ್ಷೆ ಕಟ್ಟಲು ಕಾಲೇಜಿನವರು ಅವಕಾಶ ಕೊಟ್ಟಿದ್ದಾರೆ, ಇದು ಕೊನೆಯ ಸಲ, ಅಪ್ಪ ಒಪ್ಪುತ್ತಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ —

"ಆಯಿ, ನಾ ಬಾಳ ವಿಚಾರ ಮಾಡೀನಿ. ನೀವಂತೂ ಸುಳ್ಳ ಹೇಳಾವ್ರ ಅಲ್ಲ. ಬೆಳಗ್ಗೆ ಹಾಸಿಗಿ ಸುತ್ತಾಗ ನನ್ನ ದುಪಟ್ಟಾನ ತಾಕಿರಬೇಕು. ಗೊತ್ತಿಲ್ಲದ ಆಗಿದ್ರ ಕ್ಷಮಾ ಮಾಡ್ರಿ."

ಮಾಡದ ತಪ್ಪನ್ನು ಅವಳು ಎರಡು ವರ್ಷ ತನ್ನ ಮೈಮೇಲೆ ಹುಡುಕಿದ್ದಾಳೆ. ನನ್ನನ್ನು ಸುಳ್ಳುಗಾರ್ತಿ ಮಾಡುವುದಕ್ಕಿಂತ ತನ್ನ ದುಪಟ್ಟಾವನ್ನು ಸಂಶಯಿಸಿದ್ದಾಳೆ. ನಾನು ಏನೆಂದೆ ಗೊತ್ತೇ? "ಇರ್ಲಿ ಬಿಡವಾ" ಎಂದೆ. ಕ್ಷಮಿಸಿದವಳ ಹಾಗೆ ಅವಳ ತಲೆಯ ಮೇಲೆ ಕೈಯಿಟ್ಟು ಬಸ್ಸು ಹತ್ತಿದೆ.

ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಓದುತ್ತ ನಿಮಗೆ ನನ್ನ ಹಳೆಯ ಮಾತುಗಳ ಮೇಲೆಲ್ಲ ಸಂಶಯ ಬರುತ್ತದೆ — ಬರಲಿ. ಆಯಿ ಹೇಳಿದಳು ಎಂಬ ಕಾರಣಕ್ಕೆ ಇನ್ನು ಯಾವುದನ್ನೂ ನಂಬಬೇಡಿ.

ಇವತ್ತು ಬೆಳಿಗ್ಗೆ ಶೋಭಾ ರೊಟ್ಟಿ ಬಡಿಯುತ್ತಿದ್ದಾಗ ಅವಳ ಮುಂದೆ ಕುಳಿತು ಎಲ್ಲ ಹೇಳಿದೆ. ಅವಳ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಕಲಾದರೂ ತೆಗೆಯಲಿಲ್ಲ. ಬಬಲೇಶ್ವರಕ್ಕೆ ನಾಳೆ ಹೋಗುತ್ತೇನೆ, ಮಲ್ಲಪ್ಪನಿಗೆ, ರೇಣುಕಾಗೆ ನಾನೇ ಹೇಳುತ್ತೇನೆ ಎಂದೆ. ಅವಳು ನನ್ನ ಮುಖ ನೋಡದೆ ಹೇಳಿದಳು:

"ನಾನೂ ಬರ್ತೀನಿ. ದಾರಿ ಒಳಗ ನನ್ನ ಜೋಡಿ ಮಾತಾಡಬ್ಯಾಡ್ರಿ. ಅಲ್ಲಿ ನೀವು ಹೇಳೂದು ನಡುವ ನಿಲ್ಲಿಸಿದ್ರ ನಾ ಬಾಯಿ ಹಾಕಂಗಿಲ್ಲ. ಪೂರ್ತಿ ನೀವ ಹೇಳಬೇಕು."

ಹೂಂ ಎಂದೆ. ಮಲ್ಲಪ್ಪನ ಅಂಗಳದಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಾರೆ. ಅವರು ಎದ್ದು ಹೋಗಲಿ ಎಂದು ನಾನು ಕಾಯುವುದಿಲ್ಲ.