ಅಕ್ಕನ ಜೊತೆ ಆಡಲೆಂದು ಹಾಕಿಸಿದ ಕಾರ್ಡ್

ಸಿರುಗುಪ್ಪದಲ್ಲಿರುವ ನನ್ನ ಅಕ್ಕ ಸೊಂಟದ ಆಪರೇಷನ್ ಆದಮೇಲೆ ಫೋನಿನಲ್ಲಿ ಮಾತು ಕಡಿಮೆ ಮಾಡಿದ್ದಳು. ಕೆಂಚನಗುಡ್ಡದ ದಾರಿಯಲ್ಲಿರುವ ಗದ್ದೆಯಲ್ಲಿ ಆಳುಗಳಿಗಿಂತ ಮೊದಲೇ ಹೋಗಿ ಬದುವಿನ ಮೇಲೆ ನಿಂತಿರುತ್ತಿದ್ದವಳು ಅವಳು. ಈಗ ಹಾಲ್‌ನಿಂದ ಬಚ್ಚಲಿಗೆ ಹೋಗಲೂ ವಾಕರ್ ಬೇಕು. "ಹೆಂಗದೀ?" ಎಂದರೆ "ಅದೀನಿ" ಎನ್ನುವಳು, ಅಷ್ಟೇ. ಹಾಗಿದ್ದವಳು ಒಂದು ಮಧ್ಯಾಹ್ನ ತಾನೇ ಫೋನ್ ಮಾಡಿದಳು.

"ಲೇ, ನಾ ಟ್ರ್ಯಾಕ್ಟರ್ ಹೊಡಿಯಾಕತ್ತೀನಿ."

"ವಾಕರ್ ಹಿಡಕೊಂಡಾ?" ಎಂದು ಚೀರಿದೆ. ಆಮೇಲೆ ತಿಳಿಯಿತು, ಮೊಮ್ಮಗಳು ಮನೆಗೆ ಗೇಮ್ ಕನ್ಸೋಲ್ ತಂದಿದ್ದಾಳೆ. ಟಿವಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ, ಪರದೆಯ ಮೇಲೆ ಹೊಲ; ಉಳಬೇಕು, ಬಿತ್ತಬೇಕು, ಕೊಯ್ಯಬೇಕು.

"ನೀನೂ ಬಾ. ಇಂಟರ್ನೆಟ್‌ನಾಗ ಇಬ್ಬರೂ ಕೂಡಿ ಒಂದ ಹೊಲ ಮಾಡಬಹುದಂತ. ಒಬ್ಬಾಕಿನ ಮಾಡಿ ಮಾಡಿ ಬ್ಯಾಸರಾಗೈತಿ."

ಬೇಸರವಾಗಿದೆ ಎಂದು ಅಕ್ಕ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬರ್ತೀನಿ ಎಂದುಬಿಟ್ಟೆ. ಹೇಗೆ ಅಂತ ಗಾಡ್ ಓನ್ಲಿ ನೋಸ್.

ಬಳ್ಳಾರಿಯ ನನ್ನ ಮನೆಯಲ್ಲಿರುವುದು ಟ್ಯೂಷನ್ ಮಕ್ಕಳಿಗೆ ಕ್ವೆಶ್ಚನ್ ಪೇಪರ್ ಟೈಪ್ ಮಾಡುತ್ತಿದ್ದ ಹಳೆಯ ಕಂಪ್ಯೂಟರ್. ಅದೇ ಆಟ ಕಂಪ್ಯೂಟರಿಗೂ ಇದೆ ಎಂದು ಓದಿ ಹಾಕಿ ನೋಡಿದೆ. ಟ್ರ್ಯಾಕ್ಟರ್ ಬರಲಿಲ್ಲ, ಬರೀ ಕಪ್ಪು ಪರದೆ. ಗ್ರಾಫಿಕ್ಸ್ ಕಾರ್ಡ್ ಸಾಲದು ಎಂಬ ಒಂದು ಸೆಂಟೆನ್ಸ್ ಮಾತ್ರ ಬಂತು. ಆ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ, ಆದರೂ ನನಗೆ ಏನೂ ಅರ್ಥವಾಗಲಿಲ್ಲ.

ಕುರುಗೋಡಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ತಮ್ಮನ ಮಗಳಿಗೆ ಫೋನ್ ಮಾಡಿದೆ. ಹಳೇ ಕಂಪ್ಯೂಟರಿಗೆ ಕಾರ್ಡ್ ಹಾಕಿಸುವುದು ಒಳ್ಳೆಯದೋ, ಹೊಸ ಕನ್ಸೋಲ್ ಒಳ್ಳೆಯದೋ?

"ಯಾರಿಗತ್ತಿ?"

ಅಲ್ಲೇ ನಾನು ಎಡವಿದ್ದು. ನನಗೆ, ನಿಮ್ಮ ದೊಡ್ಡತ್ತೆಯ ಜೊತೆ ಆಡಲಿಕ್ಕೆ ಎನ್ನಬೇಕಿತ್ತು. ಇಷ್ಟು ವರ್ಷ ಇಂಗ್ಲಿಷ್ ಟೀಚರ್ ಆಗಿ ಕೈಯಲ್ಲಿ ಸ್ಕೇಲ್ ಹಿಡಿದವಳು, ಈ ವಯಸ್ಸಿನಲ್ಲಿ ವಿಡಿಯೋ ಗೇಮಾ? "ಯಾರೋ ಕೇಳಿದ್ರು" ಎಂದೆ.

"ಕನ್ಸೋಲ್ ಆಟಕ್ಕಷ್ಟ, ಅತ್ತಿ. ಕಾರ್ಡ್ ಹಾಕಿಸಿದ್ರ ಪರದಿ ಮ್ಯಾಲೆ ಚಿತ್ರ ಚಂದ ಮೂಡತಾವ, ಕಂಪ್ಯೂಟರ್ ಬ್ಯಾರೆ ಕೆಲಸಕ್ಕೂ ಬರತೈತಿ."

ಈ ಮಾತು ನನಗೆ ಎಷ್ಟು ಹಿತವಾಯಿತೆಂದರೆ ಮುಂದೆ ಕೇಳಲೇ ಇಲ್ಲ. ಕಾರ್ಡ್ ಕಂಪ್ಯೂಟರಿನ ಡಬ್ಬಿಯ ಒಳಗೆ ಕೂರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ಸೋಲ್ ಆದರೆ ಟಿವಿಯ ಕೆಳಗೆ, ಶುಕ್ರವಾರ ಭಜನೆಗೆ ಬರುವ ಹೆಂಗಸರ ಕಣ್ಣೆದುರಿಗೇ. ಆನೆಸ್ಟ್ಲಿ, ನಾನು ತೂಗಿ ನೋಡಿದ್ದು ಇಷ್ಟನ್ನೇ.

ಆಟೋದಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೌಲ್ ಬಜಾರಿಗೆ ಹೋದೆ. ರಿಪೇರಿ ಅಂಗಡಿಯ ಭಾಯ್ ಮುಚ್ಚಳ ತೆಗೆದು ಮೊದಲು ಊದಿದರು; ಕೆಂಪು ಧೂಳು ಇಬ್ಬರ ಮುಖಕ್ಕೂ ಬಡಿಯಿತು.

"ಇದಕ್ಕ ದೊಡ್ಡ ಕಾರ್ಡ್ ಹಿಡಿಯಂಗಿಲ್ರಿ ಟೀಚರಮ್ಮ. ಕರೆಂಟೂ ಸಾಲಂಗಿಲ್ಲ. ಸಣ್ಣದು ಹಾಕಿದ್ರ ನಡೀತೈತಿ. ಆಡೋರು ಯಾರ್ರಿ?"

"ಬೀಗರ ಮಕ್ಕಳು ರಜಾಕ್ಕ ಬರ್ತಾರ."

"ಹುಡುಗರಿಗ ಸಾಕು ಬಿಡ್ರಿ."

ಕಾರ್ಡ್ ಎಂದರೆ ಇಸ್ಪೀಟೆಲೆಯಷ್ಟು ತೆಳ್ಳಗಿರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಫ್ಯಾನ್ ಹೊತ್ತ ಇಟ್ಟಿಗೆಯ ಹಾಗಿತ್ತು. ಇದು ಸಣ್ಣದಾದರೆ ದೊಡ್ಡದು ಇನ್ನೆಂಥದ್ದೋ!

ಮನೆಗೆ ತಂದು ಹಚ್ಚಿದರೆ, ಮೈ ಗುಡ್ನೆಸ್, ಹಸಿರು ಹೊಲ! ಹುಲ್ಲಿನ ಎಸಳೂ ಗಾಳಿಗೆ ಬಾಗುತ್ತಿತ್ತು. ಅಕ್ಕನಿಗೆ ಫೋನ್ ಮಾಡಿ "ಬಂದೀನಿ, ಎಲ್ಲಿದ್ದೀ?" ಎಂದೆ. ಬೇಲಿಯುದ್ದಕ್ಕೂ ಹುಡುಕಿದೆ. ಅವಳು ತನ್ನ ಹೊಲದಲ್ಲಿ ಹುಡುಕಿದಳು. "ನಾನು ಕೆಂಪು ಟ್ರ್ಯಾಕ್ಟರ್ ಮ್ಯಾಲೆ ಅದೀನಿ, ಕಾಣವಲ್ಲೆ?" ಎಂದು ಕೂಗಿದಳು. ಕೊನೆಗೆ ಅವಳ ಮೊಮ್ಮಗಳು ಫೋನ್ ಇಸಿದುಕೊಂಡಳು.

"ಅಜ್ಜಿ, ಈ ಆಟದಾಗ ಕಂಪ್ಯೂಟರ್‌ನವರು ಕನ್ಸೋಲ್‌ನವರ ಜೋಡಿ ಕೂಡಾಕ ಬರಂಗಿಲ್ಲ. ಇಬ್ಬರ ಕಡೆನೂ ಕನ್ಸೋಲ ಇರಬೇಕು."

ಆಟ ಒಂದೇ, ಹೆಸರು ಒಂದೇ, ಹೊಲವೂ ಒಂದೇ. ಮತ್ತೆ ಸೇರುವುದಿಲ್ಲ ಎಂದರೇನು? ಎರಡು ಸಲ ಹೇಳಿಸಿಕೊಂಡರೂ ತಲೆಗೆ ಹೋಗಲಿಲ್ಲ.

ಮರುದಿನ ಮತ್ತೆ ಕೌಲ್ ಬಜಾರ್. ಸಿರುಗುಪ್ಪದ ಕನ್ಸೋಲಿನ ಜೊತೆ ಇದು ಕೂಡುತ್ತಿಲ್ಲ ಎಂದೆ. ಭಾಯ್ ಹಣೆ ಚಚ್ಚಿಕೊಂಡರು. "ಹುಡುಗರು ಅಂದ್ರಿ! ಸಿರುಗುಪ್ಪದಾಗ ಯಾರ ಜೋಡಿ ಆಡ್ಬೇಕಾಗಿತ್ರಿ ಅವರು?"

"ಅವರಲ್ಲ, ನಾನು. ನಮ್ಮಕ್ಕನ ಜೋಡಿ."

ಪಕ್ಕದಲ್ಲಿ ಚಾರ್ಜರ್ ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಭಾಯ್ ನಗಲಿಲ್ಲ. "ಅದನ್ನ ಮೊದಲ ಹೇಳಿದ್ರ ಈ ಡಬ್ಬಿ ಬಿಚ್ಚಾಕ ಬಿಡ್ತಿದ್ದಿಲ್ರಿ ನಾನು. ಸೀದಾ ಕನ್ಸೋಲ್ ತಗೊಳ್ರಿ ಅಂತಿದ್ದೆ. ಹಾಕಿದ ಕಾರ್ಡ್ ಈಗ ವಾಪಸ್ ಹೋಗಂಗಿಲ್ಲ."

ಸಂಜೆ ಅಕ್ಕನಿಗೆ ಎಲ್ಲವನ್ನೂ ಒಪ್ಪಿಕೊಂಡೆ: ಕುರುಗೋಡಿಗೆ ಹೇಳಿದ ಸುಳ್ಳು, ಬೀಗರ ಮಕ್ಕಳು, ಭಜನೆಯ ಹೆಂಗಸರು.

"ನನ್ನ ಜೋಡಿ ಆಡ್ತೀನಿ ಅನ್ನಾಕ ನಾಚಿಕಿ ಬಂತೇನಲೇ ನಿನಗ?"

ಇಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತಿತ್ತು. ಕಾನ್ವೆಂಟಿನ ಸಿಸ್ಟರ್ ಮುಂದೆ ಹೋಮ್‌ವರ್ಕ್ ಇಲ್ಲದೆ ನಿಂತ ಹಾಗೆ ನಿಂತೇ ಇದ್ದೆ, ಫೋನ್ ಕಿವಿಗೆ ಹಿಡಿದುಕೊಂಡು. ಇನ್ನು ಇವಳು ಮತ್ತೆ "ಅದೀನಿ" ಎನ್ನುವ ಒಂದೇ ಮಾತಿಗೆ ಹೋಗಿಬಿಡುತ್ತಾಳೆ ಎಂದು ಹೆದರಿದ್ದೆ.

"ಹೋಗ್ಲಿ ಬಿಡು. ಫೋನ್ ಸ್ಪೀಕರಿಗೆ ಹಾಕಿ ಕುಂದ್ರು. ನಿನ್ನ ಹೊಲ ನೀ ಮಾಡು, ನಂದು ನಾ ಮಾಡ್ತೀನಿ."

ಅಂದಿನಿಂದ ದಿನಾ ಸಂಜೆ ಹಾಗೆಯೇ. ಕನ್ಸೋಲ್ ಕೊಳ್ಳಲೋ ಬೇಡವೋ ಇನ್ನೂ ಗೊತ್ತಾಗಿಲ್ಲ. ಒಂದು ದಿನ ಹೌದು ಅನಿಸುತ್ತದೆ, ಮರುದಿನ ಪರದೆಯ ಮೇಲೆ ನನ್ನ ಗೋಧಿ ಹಣ್ಣಾಗಿರುತ್ತದೆ, ಅದನ್ನು ಬಿಟ್ಟು ಹೋಗುವುದು ಹೇಗೆ ಅನಿಸುತ್ತದೆ. ನಿನ್ನೆ ಅಕ್ಕ ಕೇಳಿದಳು, "ನಿನ್ನ ಹೊಲದಾಗ ಮಳಿ ಬಂತೇನ?"

"ಇಲ್ಲಕ್ಕ, ಬಿಸಿಲೈತಿ."

"ನನ್ನ ಕಡೆ ಧೋ ಅಂತ ಸುರಿಯಾಕತ್ತೈತಿ. ನೀ ಲಗೂನ ಕೊಯ್ದುಬಿಡು, ಮಾತಾಡ್ಕೋಂತ ಕುಂದರಬ್ಯಾಡ."