ಬೀಡಿ ಹಚ್ಚಿದವರನ್ನು ಕರೆಯುವುದಿಲ್ಲ

ನಮ್ಮಕ್ಕ ಚನ್ನಪಟ್ಟಣದ ಹೊರಗೆ ಒಂದು ಪ್ಲೇಗ್ ಶೆಡ್ಡಿನಲ್ಲಿ ನರ್ಸಾಗಿದ್ದಳು. ಅಷ್ಟು ರೋಗಿಗಳಿಗೂ ಇಬ್ಬರೇ ನರ್ಸುಗಳು. ಒಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಹೋದಾಗ ಅವಳು ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಥೂ, ಗಂಡಸರ ಥರ ಇದೇನಕ್ಕ?"

"ಕೂಗಾಡಬೇಡ ಕಣ್ಲಾ. ಶೆಡ್ಡೆಲ್ಲ ತೆಂಗಿನ ಗರಿದು, ಬೆಂಕಿ ಹಿಡ್ಕೊಂಡು ಒಳಕ್ಕೆ ಹೋಗಂಗಿಲ್ಲ. ಅದಕ್ಕೇ ಬೀಡಿ ಹಚ್ಚಿದೋರನ್ನ ಯಾರೂ ಕರಿಯಲ್ಲ. ಸುಮ್ನೆ ಕೂತ್ರೆ ಕಾಂಪೌಂಡರು ಎಬ್ಬಿಸ್ತಾನೆ. ಒಸಿ ಕಾಲು ಚಾಚಕ್ಕೆ ನನಗೆ ಇದೊಂದೇ ದಾರಿ."

ಪ್ಲೇಗು ಹೋಯಿತು, ಅಕ್ಕನಿಗೆ ಬೀಡಿಯೂ ಕೆಮ್ಮೂ ಉಳಿದವು. ಹೋದ ವರ್ಷ ತೀರಿಕೊಂಡಳು. ತಿಥಿಗೆ ಬಂದವರು ಊಟ ಮಾಡುತ್ತಾ, "ಬೀಡಿ ತಿಂದಾಕ್ಬುಡ್ತು ಅವಳನ್ನ," ಎಂದರು. ಇನ್ನೊಬ್ಬ ನರ್ಸನ್ನು ಕೊಡಿ ಎಂದು ಅವಳು ಮೂರು ಸಲ ಅರ್ಜಿ ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಕ್ಷರ ದುಂಡಗಿದೆಯೆಂದು ಮೂರನ್ನೂ ನನ್ನ ಕೈಯಲ್ಲೇ ಬರೆಸಿದ್ದಳು. ಒಂದಕ್ಕೂ ಉತ್ತರ ಬರಲಿಲ್ಲ. ಆದರೂ ಆ ಪಂಕ್ತಿಯಲ್ಲಿ ಸಾರು ಬಡಿಸುತ್ತಾ ನಾನೂ ಹೂಂ ಅಂದುಬಿಟ್ಟೆ.